ನೆಗೆಟಿವ್ ಬಿಸಾಡಬೇಡಿ, ಅಜ್ಜಿಯನ್ನು ಪಕ್ಕ ಕೂರಿಸಿಕೊಳ್ಳಿ

ಹೋದ ಮಳೆಗಾಲದಲ್ಲಿ ನಮ್ಮ ಮನೆಯ ಅಟ್ಟ ಸೋರಿತು. ಟ್ರಂಕಿನಲ್ಲಿದ್ದ ಅಪ್ಪ-ಅಮ್ಮನ ಮದುವೆ ಆಲ್ಬಂ ನೆನೆದು ಫೋಟೊಗಳು ಒಂದಕ್ಕೊಂದು ಅಂಟಿಕೊಂಡವು. ಬಿಡಿಸಲು ಹೋದರೆ ಮುಖಗಳೇ ಕಿತ್ತು ಬಂದವು. ಅಮ್ಮ ಮಾತೇ ಆಡಲಿಲ್ಲ. ಆದರೆ ಬಿಸ್ಕತ್ತಿನ ಡಬ್ಬಿಯಲ್ಲಿದ್ದ ನೆಗೆಟಿವ್‌ಗಳಿಗೆ ನೀರು ತಾಗಿರಲಿಲ್ಲ.

ಅವನ್ನು ಮನೆಯಲ್ಲೇ ಡಿಜಿಟಲ್ ಮಾಡಿದೆವು. ನೀವೂ ಮಾಡಬಹುದು. ಒಂದು ಮೊಬೈಲಿನಲ್ಲಿ ಖಾಲಿ ಬಿಳಿ ಚಿತ್ರ ತೆರೆದು, ಬೆಳಕು ಪೂರ್ತಿ ಹೆಚ್ಚಿಸಿ ಮಲಗಿಸಿ. ಅದರ ಮೇಲೆ ಎರಡು ಇಂಚು ಎತ್ತರದಲ್ಲಿ ಹಾಲುಬಣ್ಣದ ಅಕ್ರಿಲಿಕ್ ಹಾಳೆ ಇಡಿ. ಸ್ಕ್ರೀನಿಗೇ ತಾಗಿಸಿದರೆ ಅದರ ಚುಕ್ಕಿಗಳೂ ಫೋಟೊದಲ್ಲಿ ಬರುತ್ತವೆ. ಹಾಳೆಯ ಮೇಲೆ ನೆಗೆಟಿವ್, ಅದರ ಮೇಲೆ 24×36 ಮಿಲಿಮೀಟರ್ ಕಿಟಕಿ ಕತ್ತರಿಸಿದ ರಟ್ಟು. ಮ್ಯಾಕ್ರೊ ಲೆನ್ಸ್ ಇರುವ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕಟ್ಟಿ ನೇರ ಕೆಳಮುಖ ಮಾಡಿ. ಕೋಣೆ ಕತ್ತಲಿರಲಿ. ಐಎಸ್‌ಒ 100, ಅಪರ್ಚರ್ ಎಫ್ 8, ಎರಡು ಸೆಕೆಂಡಿನ ಟೈಮರ್ ಸಾಕು. ಧೂಳನ್ನು ಬಟ್ಟೆಯಿಂದ ಒರೆಸಬೇಡಿ, ಬಾಯಿಂದ ಊದಬೇಡಿ. ರಬ್ಬರ್ ಬ್ಲೋವರ್ ಬಳಸಿ. ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣ ತಿರುಗಿಸಿ, ಕಲರ್ ನೆಗೆಟಿವ್ ಆದರೆ ಕಿತ್ತಳೆ ಛಾಯೆಯನ್ನೂ ತೆಗೆಯಬೇಕು. ಸ್ಲೈಡ್ ಆದರೆ ತಿರುಗಿಸುವ ಕೆಲಸವೇ ಇಲ್ಲ.

ಇಷ್ಟಾದ ಮೇಲೆ ಎಲ್ಲರೂ ಹೇಳುವ ಮಾತು, 'ಇನ್ನೇನು, ಆ ಕಸ ಬಿಸಾಡು' ಎಂದು. ನಾನು ಒಪ್ಪುವುದಿಲ್ಲ. ಹಾರ್ಡ್‌ಡಿಸ್ಕ್ ಒಂದು ದಿನ ಕೆಡುತ್ತದೆ, ಮೊಬೈಲ್ ಕೆರೆಗೆ ಬೀಳುತ್ತದೆ. ನೆಗೆಟಿವ್ ಹಾಗಲ್ಲ, ಬೆಳಕಿಗೆ ಹಿಡಿದರೆ ಸಾಕು, ಕಾಣುತ್ತದೆ. ಒಣ ಜಾಗದಲ್ಲಿ, ಕಾಗದದ ಕವರಿನಲ್ಲಿಡಿ. ವಿನಿಗರ್ ವಾಸನೆ ಬರುತ್ತಿದ್ದರೆ ಫಿಲ್ಮ್ ಕೊಳೆಯುತ್ತಿದೆ ಎಂದರ್ಥ. ಅದನ್ನು ಬೇರೆಯಿಡಿ, ಮೊದಲು ಅದರ ಫೋಟೊ ತೆಗೆಯಿರಿ.

ಹಳೇ ಫೋಟೊ ಉಳಿಸುವುದು ಉಳ್ಳವರ ಶೋಕಿ ಎನ್ನುವವರಿದ್ದಾರೆ. ಉಲ್ಟಾ. ಒಂದು ರೋಲಿನಲ್ಲಿ ಇರುತ್ತಿದ್ದುದು 36 ಚಿತ್ರ. ಎಷ್ಟೋ ಮನೆಗಳಲ್ಲಿ ಜೀವಮಾನಕ್ಕೆ ಅದೊಂದೇ ರೋಲು. ಹೋದರೆ ಬೇರೆ ಇಲ್ಲ.

ಆದರೆ ಕ್ಯಾಮೆರಾ ಮುಖವನ್ನು ಮಾತ್ರ ಉಳಿಸುತ್ತದೆ, ಹೆಸರನ್ನಲ್ಲ. ನಮ್ಮ ರೋಲಿನಲ್ಲಿ ಕಳಶ ಹಿಡಿದ ಒಬ್ಬ ಹುಡುಗಿ ಇದ್ದಳು. ಯಾರೆಂದು ಅಪ್ಪನಿಗೂ ನೆನಪಿರಲಿಲ್ಲ. ಅಜ್ಜಿ ಸ್ಕ್ರೀನಿನ ಹತ್ತಿರ ಬಗ್ಗಿ ನೋಡಿ, 'ನನ್ನ ತಂಗಿ ಮಗಳು ಕಣೋ' ಅಂದಳು. ಮಾರನೇ ವರ್ಷ ಜ್ವರದಲ್ಲಿ ತೀರಿಕೊಂಡಳಂತೆ. ಅವಳದು ಬೇರೊಂದು ಫೋಟೊ ಎಲ್ಲೂ ಇಲ್ಲ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೆಸರು ಹೇಳಿದಳು, ನಾನು ಫೈಲಿಗೆ ಅದೇ ಹೆಸರು ಕೊಟ್ಟೆ.

ಅಕ್ರಿಲಿಕ್ ಹಾಳೆ ಮುಂದಿನ ವರ್ಷವೂ ಸಿಗುತ್ತದೆ. ಹೆಸರು ಗೊತ್ತಿರುವವರು ಇರುತ್ತಾರೋ ಇಲ್ಲವೋ. ಈ ಭಾನುವಾರವೇ ಟ್ರಂಕು ಇಳಿಸಿ.