ಅಹಿಂಸೆಯ ಮುದ್ರೆಯೂ ಸೂಕ್ಷ್ಮಜೀವಿಯ ಹಾಳೆಯೂ

ದನದ ಚರ್ಮಕ್ಕೆ ಬದಲಾಗಿ ಬ್ಯಾಕ್ಟೀರಿಯಾಗಳಿಂದ ಬೆಳೆಸಿದ ಹಾಳೆಯಲ್ಲಿ ಚೀಲ, ಪಾದರಕ್ಷೆ, ನಡುಪಟ್ಟಿಗಳನ್ನು ತಯಾರಿಸಿ ಮಾರುವ ಉದ್ಯಮವೊಂದು ತಲೆಯೆತ್ತಿದೆ. ಇದು ಪೂರ್ಣ ಅಹಿಂಸಾ ವಸ್ತುವೆಂದು ಮಾರುವವರು ಸಾರುತ್ತಾರೆ. ಕೋಟ್ಯಂತರ ಜೀವಗಳನ್ನು ಕುದಿಸಿ ತೆಗೆದ ಹಾಳೆಗಿಂತ ಒಂದು ದನದ ಚರ್ಮವೇ ವಾಸಿಯೆಂದು ಕೆಲವರು ಶ್ರಾವಕರು ವಾದಿಸುತ್ತಾರೆ. ಮೊದಲನೆಯದು ವ್ಯಾಪಾರದ ಅತಿಶಯೋಕ್ತಿ. ಎರಡನೆಯದು ಅದಕ್ಕಿಂತ ಅಪಾಯಕಾರಿ. ಏಕೆಂದರೆ ಅದು ಶಾಸ್ತ್ರದ ವೇಷ ಧರಿಸಿ ಬಂದಿದೆ.

ವಸ್ತುವಿನ ಸ್ವರೂಪವನ್ನು ಅರಿಯದೆ ವಾದಕ್ಕಿಳಿಯುವುದು ಸಲ್ಲದು. ವಿನಿಗರ್ ತಯಾರಿಕೆಯಲ್ಲಿ ದ್ರವದ ಮೇಲೆ ಕಟ್ಟುವ ಗಟ್ಟಿ ಕೆನೆಯು ಶುದ್ಧ ಸೆಲ್ಯುಲೋಸ್ ಎಂಬುದನ್ನು 1886ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಎ. ಜೆ. ಬ್ರೌನ್ ತೋರಿಸಿಕೊಟ್ಟರು. ಇಂದು ಕೊಮಗಟೈಬ್ಯಾಕ್ಟರ್ ಎಂದು ಕರೆಯಲ್ಪಡುವ ಈ ಜೀವಿಯು ಸಕ್ಕರೆಯನ್ನು ಹೀರಿ, ನೂರು ನ್ಯಾನೋಮೀಟರಿಗಿಂತ ಸಪೂರವಾದ ಎಳೆಗಳನ್ನು ತನ್ನ ಮೈಯಿಂದ ಹೊರಕ್ಕೆ ನೂಲುತ್ತದೆ. ಸುಮಾರು 30 ಡಿಗ್ರಿ ಶಾಖದಲ್ಲಿ ಒಂದೆರಡು ವಾರ ಅಲುಗಾಡಿಸದೆ ಇರಿಸಿದರೆ ಎಳೆಗಳು ಹೆಣೆದುಕೊಂಡು ಹಾಳೆಯಾಗುತ್ತವೆ. ಹಸಿ ಹಾಳೆಯ ತೂಕದಲ್ಲಿ ಬಹುಪಾಲು ನೀರೇ. ಹತ್ತಿಯಲ್ಲಿರುವುದೂ ಇದೇ ಸೆಲ್ಯುಲೋಸ್; ಆದರೆ ಇದರಲ್ಲಿ ಮರದ ನಾರಿನಲ್ಲಿರುವ ಲಿಗ್ನಿನ್ ಮುಂತಾದ ಬೆರಕೆಗಳಿಲ್ಲ. ಕೊನೆಯಲ್ಲಿ ಹಾಳೆಯನ್ನು ಕಾಸ್ಟಿಕ್ ಸೋಡಾದಲ್ಲಿ ಕಾಯಿಸಿ ತೊಳೆಯುತ್ತಾರೆ. ಅದರೊಳಗಿನ ಜೀವಿಗಳು ಸಾಯುವುದು ಆಗಲೇ.

ಇದರ ಉಪಯೋಗವು ಚೀಲ, ಚಪ್ಪಲಿಗಳಿಗೆ ಸೀಮಿತವಲ್ಲ. ಬ್ರೆಜಿಲ್ ದೇಶದಲ್ಲಿ 1980ರ ದಶಕದಲ್ಲಿಯೇ ಬಯೋಫಿಲ್ ಎಂಬ ಹೆಸರಿನಲ್ಲಿ ಸುಟ್ಟ ಗಾಯಗಳಿಗೆ ಇದನ್ನು ಹೊದಿಸಲಾಯಿತು. ಇದು ಗಾಯದ ತೇವವನ್ನು ಕಾಯ್ದು ನೋವನ್ನು ತಗ್ಗಿಸುತ್ತದೆ. ಮಿದುಳಿನ ಹೊರಪೊರೆ ಹರಿದಾಗ ಹೊಲಿಯುವ ತೇಪೆಯನ್ನೂ ಇದರಿಂದ ಮಾಡಿದ್ದಾರೆ. ಈ ಎರಡು ಕೆಲಸಗಳಿಗೂ ಆಸ್ಪತ್ರೆಗಳಲ್ಲಿ ದನದ ಕೊಲಾಜನ್ ಹಾಳೆಗಳು ಬಳಕೆಯಲ್ಲಿವೆ ಎಂಬುದು ಎಷ್ಟು ಮಂದಿ ಶ್ರಾವಕರಿಗೆ ತಿಳಿದಿದೆ? 1989ರಲ್ಲಿ ಸೋನಿ ಸಂಸ್ಥೆಯು ಹೆಡ್‌ಫೋನಿನ ಕಂಪನ ಪಟಲಕ್ಕೂ ಇದನ್ನೇ ಬಳಸಿತು.

ಈಗ ಶ್ರಾವಕರ ಆಕ್ಷೇಪಕ್ಕೆ ಬರೋಣ. ಅನೇಕ ಸಣ್ಣ ಜೀವಗಳಿಗಿಂತ ಒಂದು ದೊಡ್ಡ ಜೀವದ ವಧೆ ಮೇಲು ಎಂಬ ಗಣಿತ ಹೊಸದೇನೂ ಅಲ್ಲ. ವರ್ಷಕ್ಕೊಂದು ಆನೆಯನ್ನು ಕೊಂದು ತಿಂದು ಉಳಿದ ಜೀವಗಳಿಗೆ ದಯೆ ತೋರಿದೆವೆಂದು ಬೀಗುತ್ತಿದ್ದ ಹಸ್ತಿತಾಪಸರ ಮತವನ್ನು ಸೂತ್ರಕೃತಾಂಗವೇ ಖಂಡಿಸಿದೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದೇ ಲೆಕ್ಕಾಚಾರವನ್ನು ಎತ್ತಿಕೊಂಡು, ಅಂಥ ನೆಪದಿಂದ ಮಹಾಪ್ರಾಣಿಯನ್ನು ಎಂದಿಗೂ ಹಿಂಸಿಸಲಾಗದೆಂದು ನಿಷೇಧಿಸಿದ್ದಾರೆ. ಸ್ಥಾವರ ಹಿಂಸೆಯನ್ನು ಪೂರ್ತಿ ಬಿಡಲಾರದ ಗೃಹಸ್ಥನು ತ್ರಸ ಹಿಂಸೆಯನ್ನಾದರೂ ಬಿಡಬೇಕೆಂಬುದು ಅವರ ನಿರ್ದೇಶ. ಸೂಕ್ಷ್ಮಾಣುಗಳನ್ನು ಏಕೇಂದ್ರಿಯಗಳಲ್ಲಿ ಎಣಿಸುವುದು ಅನೇಕ ಆಧುನಿಕ ಜೈನ ವಿದ್ವಾಂಸರ ಮತ. ದನವಾದರೋ ನಿಸ್ಸಂದೇಹವಾಗಿ ಪಂಚೇಂದ್ರಿಯ. ಈ ಎರಡನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವವರು ಮುನಿಗಳ ಆಹಾರದಾನಕ್ಕೆಂದು ನೀರನ್ನು ಕಾಯಿಸಿ ಪ್ರಾಸುಕಗೊಳಿಸುವಾಗ ಏನು ಲೆಕ್ಕ ಹಾಕುತ್ತಾರೆ? ಪಂಚಕಲ್ಯಾಣದ ಮೆರವಣಿಗೆಗೆ ಉಟ್ಟ ರೇಷ್ಮೆ ಸೀರೆಯೊಂದಕ್ಕೆ ಸಾವಿರಾರು ಗೂಡುಗಳು ಹಬೆಗೂ ಬಿಸಿನೀರಿಗೂ ಬಿದ್ದಿರುತ್ತವೆ. ಅವುಗಳೊಳಗಿನ ಹುಳು ತ್ರಸಜೀವಿಯೆಂಬುದರಲ್ಲಿ ಯಾವ ವಿವಾದವೂ ಇಲ್ಲ. ರೇಷ್ಮೆ ಉಟ್ಟು, ತೊಗಲಿನ ಪಟ್ಟಿ ಬಿಗಿದು, ಬ್ಯಾಕ್ಟೀರಿಯಾಕ್ಕಾಗಿ ಕಣ್ಣೀರಿಡುವುದು ದಯೆಯೆನಿಸದು. ಅದು ಹಳೆಯ ಅಭ್ಯಾಸವನ್ನು ಉಳಿಸಿಕೊಳ್ಳುವ ಉಪಾಯ.

ಹಾಗೆಂದು ಮಾರುವವರ ಮುದ್ರೆಯನ್ನು ಒಪ್ಪಬೇಕಾಗಿಲ್ಲ. ಜೀವವನ್ನು ಬೆಳೆಸಿ, ದುಡಿಸಿ, ಕ್ಷಾರದಲ್ಲಿ ಬೇಯಿಸಿದ ವಸ್ತುವಿಗೆ ಪೂರ್ಣ ಅಹಿಂಸೆಯ ಹೆಸರು ಹೊಂದದು. ಅದು ಅಲ್ಪಹಿಂಸೆಯ ವಸ್ತು, ಹಾಗೆಂದೇ ಹೇಳಿ ಮಾರಲಿ. ಇನ್ನೊಂದು ಸಂಗತಿಯನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಪ್ರಯೋಗಶಾಲೆಗಳಲ್ಲಿ 1954ರಿಂದ ಪ್ರಸಿದ್ಧವಾಗಿರುವ ಹೆಸ್ಟ್ರಿನ್–ಶ್ರಾಮ್ ಪೋಷಕದ್ರವದಲ್ಲಿ ಸಕ್ಕರೆ ಮತ್ತು ಯೀಸ್ಟ್ ಸಾರದ ಜೊತೆಗೆ ಪೆಪ್ಟೋನ್ ಸೇರುತ್ತದೆ. ಪೆಪ್ಟೋನು ಸೋಯಾದಿಂದಲೂ ಬರಬಹುದು, ಹಾಲಿನಿಂದಲೂ ಬರಬಹುದು, ಮಾಂಸದಿಂದಲೂ ಬರಬಹುದು. ಮಾಂಸದ ರಸವುಂಡು ಬೆಳೆದ ಹಾಳೆಯನ್ನು ಶಾಕಾಹಾರಿ ಚರ್ಮವೆಂದು ಕೊಳ್ಳುವುದಾದರೆ ಜಮಾ-ಖರ್ಚಿನ ಒಂದು ಪುಟವನ್ನು ಹರಿದು ಲೆಕ್ಕ ಒಪ್ಪಿಸಿದಂತೆ. ಇನ್ನು ಮದ್ಯದ ಶಂಕೆ: ಕೊಂಬುಚಾ ಚಹಾದಲ್ಲಿ ಯೀಸ್ಟು ಸಕ್ಕರೆಯನ್ನು ಮದ್ಯಸಾರವಾಗಿಸುವುದು ನಿಜ, ಆದರೆ ಈ ಬ್ಯಾಕ್ಟೀರಿಯಾ ಒಂಟಿಯಾಗಿಯೇ ಸಕ್ಕರೆಯಿಂದ ಸೆಲ್ಯುಲೋಸನ್ನು ನೂಲಬಲ್ಲುದು, ಮದ್ಯದ ನೆರವು ಅದಕ್ಕೆ ಅನಿವಾರ್ಯವಲ್ಲ.

ಮಾರ್ಗವಿಲ್ಲವೆಂದಲ್ಲ. ಫಿಲಿಪೀನ್ಸಿನಲ್ಲಿ ದಶಕಗಳಿಂದ ತೆಂಗಿನ ನೀರಿನಲ್ಲಿಯೇ ಈ ಹಾಳೆಯನ್ನು ಬೆಳೆಸಿ ನಾಟಾ ಡಿ ಕೊಕೊ ಎಂಬ ತಿನಿಸು ಮಾಡುತ್ತಿದ್ದಾರೆ (ಅದನ್ನು ತಿನ್ನಬಹುದೇ ಎಂಬುದು ಬೇರೆಯೇ ಚರ್ಚೆ). ಕೇರಳದ ಮಲೈ ಎಂಬ ಉದ್ಯಮವು ಕೊಬ್ಬರಿ ಘಟಕಗಳು ಚೆಲ್ಲುವ ತೆಂಗಿನ ನೀರಿನಿಂದ ಹಾಳೆ ಬೆಳೆಸಿ, ಬಾಳೆಯಂಥ ನಾರುಗಳನ್ನು ಬೆರೆಸಿ ಚರ್ಮದಂಥ ವಸ್ತುವನ್ನು ತಯಾರಿಸಿದೆ. ತಿಪಟೂರು, ಅರಸೀಕೆರೆಗಳ ತೆಂಗಿನ ವ್ಯಾಪಾರದಲ್ಲಿರುವ ಶ್ರಾವಕರಿಗೆ ಇದು ಯೋಚಿಸತಕ್ಕ ವಿಷಯ.

ಬಸದಿಗಳ ಟ್ರಸ್ಟುಗಳು ನಿರ್ಣಯಗಳನ್ನು ಬರೆದಿಡುವುದಕ್ಕೆ ಮೊದಲು ಖರೀದಿಯ ಪುಸ್ತಕವನ್ನು ತೆರೆಯಲಿ. ಅವು ನಡೆಸುವ ಅಥವಾ ಧನಸಹಾಯ ನೀಡುವ ಆಸ್ಪತ್ರೆಗಳಲ್ಲಿ ಕೊಲಾಜನ್ ಹಾಳೆಗಳನ್ನು ಎಲ್ಲಿಂದ ತರಿಸಲಾಗುತ್ತಿದೆ, ಯಾವ ಗಾಯಕ್ಕೆ ಸೆಲ್ಯುಲೋಸ್ ಹೊದಿಕೆ ಸಾಕು, ಅದನ್ನು ಬೆಳೆಸಿದ ದ್ರವದಲ್ಲಿ ಯಾವ ಪೆಪ್ಟೋನಿತ್ತು ಎಂಬ ಪ್ರಶ್ನೆಗಳನ್ನು ಮಾರಾಟಗಾರನಿಗೆ ಪತ್ರಮುಖೇನ ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆಯಲಿ. ಉತ್ತರ ಕೊಡಲೊಪ್ಪದವನ ಬಿಲ್ಲನ್ನು ಹಿಂದಿರುಗಿಸುವುದಕ್ಕೆ ಯಾವ ಸಭೆಯ ಅನುಮತಿಯೂ ಬೇಕಿಲ್ಲ.