ಕಾರಿನ ಹೊಳಪಿಗೆ ಹೊಳೆ ಬಲಿಯೇ?

ಹಳೇಕೋಟೆಯ ಸೀಮೆಯಲ್ಲಿ ಹೊಸ ಕಾರಿಗೆ ಧೂಳು ಕೂತರೆ ಅದನ್ನು ಹೇಮಾವತಿಗಿಳಿಸಿ, ಬಟ್ಟೆಯ ಸೋಪುಪುಡಿ ಎರಚಿ, ಹಳೆಯ ಪಂಚೆಯಿಂದ ಉಜ್ಜುವುದು ಯಾವ ಜಾಣತನ? ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ ಬಣ್ಣಕ್ಕಿಂತ ಗಡುಸು. ಬಣ್ಣವನ್ನು ಕಾಯುವ ಪಾರದರ್ಶಕ ಲೇಪವೋ ತಲೆಗೂದಲಿಗಿಂತ ತೆಳು. ಮಣ್ಣು ಮೆತ್ತಿದ ಬಟ್ಟೆ ಅಲ್ಲಿ ಉಪ್ಪುಕಾಗದವೇ ಸರಿ.

ಹೀಗೆ ಕಾರಿಗೂ ಗೀರು, ಹೊಳೆಗೂ ಗಾಯ. ಎಣ್ಣೆ, ಗ್ರೀಸು, ಸೋಪು ನೀರಿಗಿಳಿಯುತ್ತವೆ. ಸೋಪಿನ ರಂಜಕ ಪಾಚಿಯನ್ನು ಕೊಬ್ಬಿಸುತ್ತದೆ. ಪಾಚಿ ಕೊಳೆತಾಗ ಆಮ್ಲಜನಕ ಕುಗ್ಗಿ ಮೀನು ಸಾಯುತ್ತದೆ. ಕೆಳಗಿನ ಊರಿನ ದನಕರು ಕುಡಿಯುವುದೂ, ಮುಂದೆ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುವುದೂ ಇದೇ ನೀರು. ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಬೆಂಗಳೂರು ಜಲಮಂಡಳಿ ಸಾರಿದ್ದು 2024ರ ಮಾರ್ಚ್‌ನಲ್ಲಿ, ನಗರ ಬಾಯಾರಿದ ಮೇಲೆ. ಹೊಳೆಯ ಮಗ್ಗುಲಲ್ಲಿರುವವರಿಗೆ ಆ ವಿವೇಕ ದಂಡದ ಭಯದಿಂದಲೇ ಬರಬೇಕೆ?

ಕಾರು ಅಂಗಳದ ನೆರಳಿನಲ್ಲಿ ನಿಲ್ಲಲಿ. ಮೊದಲು ಬರಿಯ ನೀರು ಸುರಿದು ಮಣ್ಣನ್ನು ನೆನೆಸಿ ಇಳಿಸಬೇಕು. ಒಂದು ಬಕೆಟ್ಟಿನಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ತಿಳಿನೀರು. ಮೃದುವಾದ ಮೈಕ್ರೋಫೈಬರ್ ಬಟ್ಟೆಯನ್ನು ಒತ್ತದೆ, ಮೇಲಿನಿಂದ ಕೆಳಕ್ಕೆ ಎಳೆಯಬೇಕು. ನೆಲಕ್ಕೆ ಬಿದ್ದ ಬಟ್ಟೆ ಮತ್ತೆ ಕಾರನ್ನು ಮುಟ್ಟಬಾರದು. ಇದಕ್ಕೆ ಕೆಲವು ಬಕೆಟ್ ನೀರು ಸಾಕು, ಹೊಳೆ ಬೇಕಿಲ್ಲ. ಹೊಳೆಯನ್ನು ಉಳಿಸುವ ದಾರಿಯೇ ಹೊಳಪನ್ನೂ ಉಳಿಸುತ್ತದೆ.