ಶಿಷ್ಯರ ಅಭಿಪ್ರಾಯ

ಅಧ್ಯಾಪಕರು ತಮ್ಮ ಬೋಧನೆಯನ್ನು ಕುರಿತು ವಿದ್ಯಾರ್ಥಿಗಳ ಅಭಿಪ್ರಾಯ ಕೇಳುವುದು ಗುರುಭಕ್ತಿಗೆ ಭಂಗವೆಂದು ಕೆಲವರು ಆಕ್ಷೇಪಿಸುತ್ತಾರೆ. ಈ ಶಂಕೆಗೆ ಆಧಾರವಿಲ್ಲ. ತೈತ್ತಿರೀಯೋಪನಿಷತ್ತಿನ ಆಚಾರ್ಯನು, ತಮ್ಮ ನಡತೆಯಲ್ಲಿ ಒಳ್ಳೆಯದನ್ನು ಮಾತ್ರ ಅನುಸರಿಸತಕ್ಕದ್ದೆಂದು ಶಿಷ್ಯನಿಗೆ ಉಪದೇಶಿಸಿ, ಆರಿಸುವ ಹೊಣೆಯನ್ನು ಅವನಿಗೇ ಒಪ್ಪಿಸಿದ್ದಾನೆ. ಗುರುವಿನ ಪಾಂಡಿತ್ಯವನ್ನು ಅಳೆಯಲು ಶಿಷ್ಯನು ಸಮರ್ಥನಲ್ಲ, ನಿಜ; ಆದರೆ ಪಾಠವು ತಿಳಿಯಿತೇ ಇಲ್ಲವೇ ಎಂಬುದಕ್ಕೆ ಅವನಷ್ಟು ಸಮೀಪದ ಸಾಕ್ಷಿ ಬೇರೊಬ್ಬನಿಲ್ಲ.

1994ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ನೆಲೆಗೊಂಡ ನ್ಯಾಕ್ ಸಂಸ್ಥೆಯು 2017ರಲ್ಲಿ ಕಾಲೇಜುಗಳ ಗುಣನಿರ್ಣಯಕ್ಕೆ ವಿದ್ಯಾರ್ಥಿಗಳ ಸಮೀಕ್ಷೆಯನ್ನೂ ಸೇರಿಸಿತು. ಉದ್ದೇಶವು ಶ್ಲಾಘ್ಯವೇ. ಆದರೆ ವರ್ಷಾಂತ್ಯದಲ್ಲಿ ತುಂಬಿಸಿದ ನಮೂನೆಯು ಕಡತ ಸೇರಿದರೆ, ಹೇಳಿದವನಿಗೆ ಅದರಿಂದ ಪ್ರಯೋಜನವೇನು? ಆಂತರಿಕ ಅಂಕಗಳು ಅಧ್ಯಾಪಕರ ಕೈಯಲ್ಲಿರುವಾಗ ಹೆಸರು ಬರೆದು ಸತ್ಯ ನುಡಿಯುವ ಧೈರ್ಯ ಎಷ್ಟು ಮಂದಿಗುಂಟು?

ಆದುದರಿಂದ ಅಧ್ಯಾಪಕರು ಅವಧಿಯ ನಡುವೆಯೇ, ಹೆಸರಿಲ್ಲದ ಚೀಟಿಗಳಲ್ಲಿ, ಎರಡೇ ಪ್ರಶ್ನೆ ಕೇಳಲಿ: ಯಾವುದು ತಿಳಿಯಲಿಲ್ಲ? ಯಾವುದು ಬದಲಾಗಬೇಕು? ಮರುವಾರ ತರಗತಿಯಲ್ಲಿಯೇ ಉತ್ತರ ಕೊಡಲಿ. ಒಪ್ಪಿದ್ದನ್ನು ತಿದ್ದಿಕೊಳ್ಳಲಿ, ಒಪ್ಪದ್ದಕ್ಕೆ ಕಾರಣ ಹೇಳಲಿ. ಆ ಚೀಟಿಗಳನ್ನು ಬಡ್ತಿಗಾಗಲಿ ದಂಡನೆಗಾಗಲಿ ಬಳಸಕೂಡದು; ಬಳಸಿದರೆ ಧಾರಾಳವಾದ ಅಂಕದಾನವೇ ಜನಪ್ರಿಯತೆಯ ಹಾದಿಯಾದೀತು.

ನಿರ್ಭಯವಾಗಿ ಸತ್ಯ ಹೇಳುವುದನ್ನೂ ಸಮಾಧಾನದಿಂದ ಕೇಳುವುದನ್ನೂ ತರಗತಿಯಲ್ಲಿ ಕಲಿಯದವರು ಸ್ವರಾಜ್ಯದ ಪಾಠವನ್ನು ಬೇರೆಲ್ಲಿ ಕಲಿತಾರು?